ಬಲಕ್ಕೆ ನಲವತ್ತು, ಎಡಕ್ಕೆ ಸೊನ್ನೆ

"ಮಿಸ್, ಮೂರರಲ್ಲಿ ಯಾವ್ದು ಬೆಸ್ಟ್ ಅಂತ ಹನ್ನೆರಡು ವಾರದಲ್ಲಿ ಒಂದು ಟೇಬಲ್ ಮಾಡ್ಕೊಟ್ಬಿಡಿ, ಸಾಕು" ಎಂದು ಪಿಲ್ಲಗುಂಪೆಯ ಆ ಕಾರ್ಖಾನೆಯ ಎಚ್‌ಆರ್ ಮ್ಯಾನೇಜರು ಹೇಳಿದಾಗಲೇ ನಾನು ಎದ್ದು ಮನೆಗೆ ಬರಬೇಕಿತ್ತು. ಬರಲಿಲ್ಲ. ಅವರು ತರಿಸಿದ್ದ ಕಾಫಿ ಕುಡಿದು, ಆಗಲಿ ಎಂದು ತಲೆಯಾಡಿಸಿ ಬಂದೆ. ಕಾಫಿಯೂ ಚೆನ್ನಾಗಿರಲಿಲ್ಲ.

ಮೂರು ಎಂದರೆ ಚೀನಾ ದೇಶದ ಮೂರು ಕಸರತ್ತುಗಳು: ತೈಚಿ, ಶಿಂಗ್‌ಯಿ, ಬಾಗುವಾ. ಮೂರನ್ನೂ ಆಂತರಿಕ ಕಲೆ ಎನ್ನುತ್ತಾರೆ. ತೋಳಿನ ಬಲದಿಂದ ಹೊಡೆಯುವುದಲ್ಲ, ಬೆನ್ನು ನೆಟ್ಟಗಿಟ್ಟು, ಸೊಂಟದ ಕೀಲು ಸಡಿಲ ಬಿಟ್ಟು, ಪಾದದಿಂದ ಬೆರಳ ತುದಿಯವರೆಗೆ ಇಡೀ ಮೈ ಒಟ್ಟಿಗೆ ಆಡುವುದನ್ನು ಕಲಿಸುವುದು ಮೂರರ ಗುರಿ. ಹೋಗುವ ದಾರಿ ಮಾತ್ರ ಬೇರೆ. ತೈಚಿಯಲ್ಲಿ ಎಲ್ಲವೂ ನಿಧಾನ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಇಳಿಯುವುದಕ್ಕೇ ನಾಲ್ಕು ಉಸಿರು ಬೇಕು. ಶಿಂಗ್‌ಯಿಯಲ್ಲಿ ಹಿಂಗಾಲ ಮೇಲೆ ಭಾರ ಹಾಕಿ ಬಹಳ ಹೊತ್ತು ನಿಲ್ಲಬೇಕು, ಆಮೇಲೆ ನೆಟ್ಟನೆಯ ಗೆರೆಯಲ್ಲಿ ಮುಂದೆ ಹೋಗುತ್ತ ಐದು ಬಗೆಯ ಗುದ್ದು. ಬಾಗುವಾದಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ, ಪಾದವನ್ನು ನೆಲಕ್ಕೆ ಸವರಿದಂತೆ ಇಡುತ್ತ ವೃತ್ತದಲ್ಲಿ ಸುತ್ತುವುದು. ಹೊಸಕೋಟೆಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದಾಗ ನನ್ನದೇ ಸೊಂಟನೋವಿಗೆಂದು ತೈಚಿ ಕಲಿತೆ, ಹಿಂದೆಯೇ ಉಳಿದೆರಡೂ ಅಂಟಿಕೊಂಡವು. ಕಾರ್ಖಾನೆಯವರು ಅವುಗಳ ಹೆಸರನ್ನು ಎರಡೇ ದಿನದಲ್ಲಿ ಬದಲಿಸಿಬಿಟ್ಟರು: ನಿಧಾನದ್ದು, ಗುದ್ದೋದು, ಸುತ್ತೋದು.

ಮ್ಯಾನೇಜರ ಯೋಜನೆ ಸರಳವಾಗಿತ್ತು. ಆಫೀಸು, ಕ್ಯಾಂಟೀನಿನವರಿಗೆ ನಿಧಾನದ್ದು. ಲೋಡಿಂಗ್ ಹುಡುಗರಿಗೆ ಗುದ್ದೋದು. ಇನ್‌ಸ್ಪೆಕ್ಷನ್ ಲೈನಿನಲ್ಲಿ ಎಂಟು ಗಂಟೆ ನಿಂತೇ ಕೆಲಸ ಮಾಡುವ ಹದಿನಾಲ್ಕು ಹೆಂಗಸರಿಗೆ ಸುತ್ತೋದು. ಶಿಫ್ಟು ಶುರುವಾಗುವ ಮುಂಚೆ ಅರ್ಧ ಗಂಟೆ, ವಾರಕ್ಕೆ ಆರು ದಿನ. ಮಂಗಳವಾರ, ಶುಕ್ರವಾರ ನಾನು ಬಂದು ಕಲಿಸಬೇಕು, ಉಳಿದ ನಾಲ್ಕು ದಿನ ಅವರೇ ಮಾಡಿಕೊಳ್ಳಬೇಕು. ಮೂರು ವಾರಕ್ಕೊಮ್ಮೆ ಕಾರ್ಖಾನೆಯ ನರ್ಸು ಪ್ರತಿಯೊಬ್ಬರನ್ನೂ ಒಂಟಿ ಕಾಲಲ್ಲಿ ನಿಲ್ಲಿಸಿ, ಎಡಗಾಲು ಎಷ್ಟು ಸೆಕೆಂಡು, ಬಲಗಾಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುತ್ತಾರೆ. ಕೊನೆಗೆ ಟೇಬಲ್ಲು.

ಮೊದಲ ದಿನದ ಪರೀಕ್ಷೆ ಮುಗಿದ ಮೇಲೆ ಒಬ್ಬಾಕೆ ಹಿಂದೆ ಉಳಿದರು. ಹನ್ನೊಂದು ವರ್ಷದಿಂದ ಇನ್‌ಸ್ಪೆಕ್ಷನ್ ಲೈನಿನಲ್ಲಿದ್ದವರು, ಎಲ್ಲರಿಗೂ ಅಕ್ಕ. ನನಗೂ ಅಕ್ಕನೇ ಆದರು. ಯುಗಾದಿ ಹೊತ್ತಿಗೆ ಮೆಟ್ಟಿಲಲ್ಲಿ ಜಾರಿ ಎಡಮಂಡಿ ಉಳುಕಿಸಿಕೊಂಡಿದ್ದರು. ಬಲಗಾಲಲ್ಲಿ ಇಪ್ಪತ್ತು ಸೆಕೆಂಡು ದಾಟಿ ನಿಂತವರು ಎಡಗಾಲಲ್ಲಿ ಎಂಟಕ್ಕೇ ಗೋಡೆ ಹಿಡಿದರು.

"ಡಾಕ್ಟ್ರು ಮೂರು ತಿಂಗ್ಳು ಟೈಮ್ ಕೊಟ್ಟವ್ರೆ ಮಿಸ್. ಎರಡು ಕಾಲಲ್ಲೂ ಇಪ್ಪತ್ತಿಪ್ಪತ್ತು ನಿಲ್ಬೇಕಂತೆ, ಕಂಬಿ ಹಿಡೀದೆ ಐದು ಸಲ ಮೆಟ್ಲಿಳೀಬೇಕಂತೆ. ಆಗ್ಲಿಲ್ಲಾಂದ್ರೆ ನಿಂತ್ಕಂಡು ಮಾಡೋ ಕೆಲ್ಸ ಕೊಡಕಾಗಲ್ಲ ಅಂದ್ಬಿಟ್ರು" ಎಂದರು.

"ಕೂತು ಮಾಡೋ ಕೆಲಸ ಕೊಡ್ತಾರಲ್ಲ ಬಿಡಿ."

"ಕೂತ್ಕಂಡು ಮಾಡೋ ಕೆಲ್ಸ ಇಲ್ಲಿ ಯಾವುದೈತೆ ಮಿಸ್? ಗೇಟಲ್ಲಿರೋ ಸೆಕ್ಯೂರಿಟಿನೂ ನಿಂತೇ ಇರ್ತಾನೆ. ಮಗಳ ನರ್ಸಿಂಗು ಇನ್ನೂ ಎರಡು ವರ್ಷ ಐತೆ. ಹೆಂಗಾದ್ರೂ ಮಾಡಿ."

ನನಗೆ ಮೊದಲಿಂದಲೂ ಒಂದು ಕೆಟ್ಟ ಚಾಳಿ. ಯಾರಾದರೂ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರೆ ನಾಲಗೆ ಬುದ್ಧಿಗಿಂತ ಮುಂಚೆ ಓಡುತ್ತದೆ. "ನಿಮ್ಮ ಮಂಡಿ ನನ್ನ ಜವಾಬ್ದಾರಿ ಅಕ್ಕ" ಎಂದುಬಿಟ್ಟೆ.

ಮೊದಲ ಎರಡು ವಾರ ಮೂರು ಗುಂಪೂ ಸೇರಿ ನನ್ನ ಪ್ರಾಣ ತಿಂದವು. ತೈಚಿಯವರನ್ನು ದೊಡ್ಡ ಚೆಂಡು ತಬ್ಬಿಕೊಂಡಂತೆ ತೋಳು ಮಾಡಿ ಹತ್ತು ನಿಮಿಷ ಅಲುಗದೆ ನಿಲ್ಲಿಸಿದ್ದೆ. ಅಲ್ಲಿ ಹಾದುಹೋಗುತ್ತಿದ್ದ ಪ್ರೊಡಕ್ಷನ್ ಸೂಪರ್‌ವೈಸರು ನಿಂತು ನೋಡಿ, "ಇವ್ರೆಲ್ಲ ಏನ್ ತಪ್ಪು ಮಾಡಿದ್ರು ಮೇಡಂ?" ಎಂದರು. ಶಿಕ್ಷೆ ಎಂದುಕೊಂಡಿದ್ದರು ಪುಣ್ಯಾತ್ಮ. ಮರುದಿನದಿಂದ ಕ್ಯಾಂಟೀನಿನ ಭಟ್ಟರು ನಿಲ್ಲುವುದಕ್ಕೇ ಬರಲಿಲ್ಲ, ಮರ್ಯಾದೆ ಹೋಗುತ್ತದಂತೆ.

ಲೋಡಿಂಗ್ ಹುಡುಗರದು ಇನ್ನೊಂದು ಕಥೆ. ಶಿಂಗ್‌ಯಿಯಲ್ಲಿ ಹಿಂಗಾಲಿಗೆ ಆರು ಪಾಲು, ಮುಂಗಾಲಿಗೆ ನಾಲ್ಕು ಪಾಲು ಭಾರವಿಟ್ಟು, ಬಾಯಿ ಮುಚ್ಚಿಕೊಂಡು ಐದು ನಿಮಿಷ ನಿಲ್ಲಬೇಕು. ಆಮೇಲೆ ಕಾಲು ಬದಲಿಸಿ ಇನ್ನೈದು ನಿಮಿಷ. ಇವರು ಅರ್ಧ ನಿಮಿಷ ನಿಂತು, ಗರಡಿಯಲ್ಲಿ ಮಾಡುವ ಹಾಗೆ ತೊಡೆ ತಟ್ಟಿ, ನೆಲ ಅದುರುವಂತೆ ಕಾಲು ಅಪ್ಪಳಿಸಿ ಗುದ್ದುತ್ತಿದ್ದರು.

"ಲೇ, ತೊಡೆ ಯಾಕ್ರೋ ತಟ್ತೀರಾ? ನಾನು ಹೇಳ್ಕೊಟ್ನಾ?" ಎಂದೆ.

"ಸೌಂಡ್ ಬರ್ದಿದ್ರೆ ಏಟು ಬಿದ್ದಂಗೇ ಅನ್ಸಲ್ಲ ಮಿಸ್" ಎಂದ ಅವರ ಲೀಡರು. ಅಷ್ಟೇ ಅಲ್ಲ, ಯಾವ ಹೆಗಲ ಮೇಲೆ ಮೂಟೆ ಹೊರುತ್ತಾರೋ ಅದೇ ಮಗ್ಗುಲನ್ನು ಮುಂದೆ ಮಾಡಿ ನಿಲ್ಲುತ್ತಿದ್ದರು, ಇನ್ನೊಂದು ಮಗ್ಗುಲಿಗೆ ಬದಲಿಸುತ್ತಲೇ ಇರಲಿಲ್ಲ. ಅದನ್ನು ಎರಡನೇ ವಾರದಲ್ಲೇ ಹಿಡಿದೆ. ಹಿಡಿದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎರಡೂ ಮಗ್ಗುಲು ಸಮ ಇರಬೇಕು, ಒಂದೇ ಕಡೆ ಮಾಡಿದರೆ ಕೀಲು ಕೆಡುತ್ತದೆ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಈ ಭಾಷಣ ನೆನಪಿರಲಿ.

ಇನ್‌ಸ್ಪೆಕ್ಷನ್ ಹೆಂಗಸರು ಮಾತ್ರ ಚಿನ್ನದಂಥವರು. ಸಾಮಾನು ಇಡುವ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸ್ಟೂಲೊಂದನ್ನು ನಡುವೆ ಇಟ್ಟು ಸುತ್ತಿಸಿದೆ. ಬಾಗುವಾದಲ್ಲಿ ಕಷ್ಟ ಇರುವುದು ಹೊರಗಾಲಿಗೆ. ವೃತ್ತದ ಒಳಬದಿಯ ಪಾದ ನೇರ ಬೀಳುತ್ತದೆ. ಹೊರಬದಿಯ ಪಾದ ಪ್ರತಿ ಹೆಜ್ಜೆಗೂ ಹೆಬ್ಬೆರಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಬೀಳಬೇಕು, ಇಲ್ಲದಿದ್ದರೆ ವೃತ್ತ ಆಗುವುದೇ ಇಲ್ಲ. ಆ ತಿರುವು ಸೊಂಟದಿಂದ ಬಂದರೆ ಮಂಡಿ ಗಟ್ಟಿಯಾಗುತ್ತದೆ, ಮಂಡಿಯಿಂದಲೇ ಬಂದರೆ ಮಂಡಿ ಹಾಳಾಗುತ್ತದೆ. ಅದಕ್ಕೇ ಬಲಕ್ಕೆ ಇಪ್ಪತ್ತು ಸುತ್ತು, ಎಡಕ್ಕೆ ಇಪ್ಪತ್ತು ಸುತ್ತು ಎಂದು ಕಟ್ಟುನಿಟ್ಟು. ನಾನು "ಚೇಂಜ್" ಎಂದ ಕೂಡಲೇ ಅಂಗೈ ಬದಲಿಸಿ, ತಿರುಗಿ, ಎದುರು ದಿಕ್ಕಿಗೆ ಹೊರಡಬೇಕು. ಹದಿನಾಲ್ಕು ಜನವೂ ಅಚ್ಚುಕಟ್ಟಾಗಿ ಕಲಿತರು. ಮೂರನೇ ವಾರದ ಪರೀಕ್ಷೆಯಲ್ಲಿ ಅಕ್ಕನ ಎಡಗಾಲು ಹನ್ನೊಂದು ಸೆಕೆಂಡಿಗೆ ಬಂತು. ನಾನು ಮನೆಯಲ್ಲಿ ಪಾಯಸ ಮಾಡಿದೆ.

ಅದೇ ವಾರ ಶೆಡ್ಡಿಗೆ ಹೊಸ ಸರಕು ಬಂದು, ನಾನು ಇರುವ ಎರಡು ದಿನ ಬಿಟ್ಟು ಬೇರೆ ದಿನ ಜಾಗ ಕೊಡುವುದಿಲ್ಲ ಎಂದರು. ಉಳಿದ ನಾಲ್ಕು ದಿನ ಎಲ್ಲಿ ಮಾಡುವುದು? ಕಾಂಪೌಂಡಿನ ಮೂಲೆಯಲ್ಲಿ ಒಂದು ಅರಳಿಮರ ಇದೆ. ಕಟ್ಟೆ, ಕಟ್ಟೆಯ ಮೇಲೆ ಎರಡು ನಾಗರಕಲ್ಲು. ಕಾರ್ಖಾನೆಗಿಂತ ಹಳೆಯದು, ಜಮೀನು ಕೊಟ್ಟವರು ಮರ ಮುಟ್ಟಬಾರದು ಎಂದು ಮಾತು ತೆಗೆದುಕೊಂಡು ಕೊಟ್ಟಿದ್ದರಂತೆ. ಸುತ್ತಲೂ ಸಮತಟ್ಟು ನೆಲ, ನೆರಳು, ನಡುವೆ ಮರ. ಬಾಗುವಾಕ್ಕೆ ಇನ್ನೇನು ಬೇಕು? ಚೀನಾದಲ್ಲೂ ಹಳೆಯ ಕಾಲದವರು ಮರ ಸುತ್ತಿಯೇ ಕಲಿಯುತ್ತಿದ್ದರೆಂದು ನನ್ನ ಗುರುಗಳು ಹೇಳಿದ್ದರು. "ಅಲ್ಲೇ ಮಾಡ್ಕೊಳ್ಳಿ, ಒಳ್ಳೇ ಗಾಳಿ ಬೇರೆ" ಎಂದು ಜಾಗ ತೋರಿಸಿದವಳು ನಾನೇ.

ಒಂದು ರಿಜಿಸ್ಟರನ್ನೂ ಕೊಟ್ಟೆ. ತಾರೀಖು, ಎಷ್ಟು ಜನ, ಎಷ್ಟು ಸುತ್ತು, ಸಹಿ. ಪ್ರತಿದಿನವೂ ತಪ್ಪದೆ ತುಂಬಿರುತ್ತಿತ್ತು: ಹದಿನಾಲ್ಕು ಜನ, ನಲವತ್ತು ಸುತ್ತು. ಶಾಲೆಯಲ್ಲಿ ಇಂಥ ಮಕ್ಕಳು ನನಗೆ ಒಂದು ವರ್ಷವೂ ಸಿಗಲಿಲ್ಲ.

ಆರನೇ ವಾರದ ಪರೀಕ್ಷೆಯಲ್ಲಿ ಅಕ್ಕನ ಎಡಗಾಲು ಆರು ಸೆಕೆಂಡಿಗೆ ಇಳಿದಿತ್ತು. ಮಂಡಿಯ ಒಳಮಗ್ಗುಲು ಊದಿತ್ತು. ನರ್ಸು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೂ ಎಂಟು ಜನರ ಎಡಗಾಲು ಹಿಂದಿಗಿಂತ ಕಡಿಮೆ ಬಂದಿದೆ, ಬಲಗಾಲು ಮಾತ್ರ ಎಲ್ಲರದೂ ಜಾಸ್ತಿಯಾಗಿದೆ ಎಂದರು. ನನಗೆ ತಲೆ ಕೆಟ್ಟುಹೋಯಿತು. ಕೆಟ್ಟ ತಲೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಅಕ್ಕನನ್ನು ಬೈದದ್ದು.

"ಮನೇಲಿ ಚಕ್ಕಂಬಕ್ಕಲ ಹಾಕ್ಕೊಂಡು ಕೂರ್ತೀರಾ? ಕುಕ್ಕರಗಾಲಲ್ಲಿ ಬಟ್ಟೆ ಒಗೀತೀರಾ? ನಿಜ ಹೇಳಿ."

"ಇಲ್ಲ ಮಿಸ್. ಮಗಳೇ ಒಗೀತಾಳೆ."

"ಮತ್ತೆ ಹೆಂಗ್ರೀ ಊದ್ಕೊಂಡ್ತು? ಸುಮ್‌ಸುಮ್ನೆ ಊದ್ಕೊಳ್ತದಾ?"

"ನೀವು ಹೇಳ್ದಂಗೇ ಮಾಡ್ತಿವ್ನಿ. ಒಂದಿನಾನೂ ತಪ್ಸಿಲ್ಲ" ಎಂದು ಅಕ್ಕ ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮುಂದಿನ ಎರಡು ವಾರ ನಾನು ಮಾಡದ ತಿದ್ದುಪಡಿಯಿಲ್ಲ. ಮಂಡಿ ಬಗ್ಗಿಸುವುದನ್ನು ಅರ್ಧಕ್ಕೆ ಇಳಿಸಿದೆ. ವೃತ್ತ ದೊಡ್ಡದು ಮಾಡಿದೆ, ವೃತ್ತ ದೊಡ್ಡದಾದಷ್ಟೂ ಹೊರಗಾಲು ಕಡಿಮೆ ತಿರುಗಿದರೆ ಸಾಕು. ಸೀಮೆಸುಣ್ಣದಲ್ಲಿ ಪಾದದ ಗುರುತು ಬರೆದೆ. ಅಕ್ಕನ ಹಿಂದೆಯೇ ಕೂತು, ತಿರುವು ಸೊಂಟದಿಂದ ಬರುತ್ತಿದೆಯೋ ಮಂಡಿಯಿಂದಲೋ ಎಂದು ಎರಡೂ ದಿಕ್ಕಿನಲ್ಲಿ ಒಂದೊಂದು ಹೆಜ್ಜೆಯನ್ನೂ ನೋಡಿದೆ. ಶೆಡ್ಡಿನಲ್ಲಿ, ನನ್ನ ಕಣ್ಣೆದುರು, ಎಲ್ಲವೂ ಸರಿಯಾಗಿತ್ತು. ಮಂಗಳವಾರ ಸರಿ, ಶುಕ್ರವಾರ ಸರಿ, ಮುಂದಿನ ಮಂಗಳವಾರ ಊತ ಇನ್ನಷ್ಟು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು ನನ್ನ ಕೆಲಸ. ಬಾಗುವಾನೇ ಸರಿಯಿಲ್ಲ, ಈ ವಯಸ್ಸಿನ ಮಂಡಿಗೆ ಒಗ್ಗುವುದಿಲ್ಲ ಎಂದು ಮನೆಯಲ್ಲಿ ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಈ ನಡುವೆ ಮ್ಯಾನೇಜರು ಲ್ಯಾಪ್‌ಟಾಪ್ ತಿರುಗಿಸಿ ಟೇಬಲ್ಲು ತೋರಿಸಿದರು. "ಮಿಸ್, ಎರಡೂ ಕಾಲು ಕೂಡ್ಸಿ ಸರಾಸರಿ ತೆಗೆದೆ. ಬಾಗುವಾನೇ ಫಸ್ಟು! ಬಲಗಾಲು ಸೂಪರಾಗಿ ಏರಿದೆ ನೋಡಿ. ಹೆಡ್ ಆಫೀಸಿಗೆ ಕಳಿಸ್ತೀನಿ. ಮುಂದಿನ ತಿಂಗ್ಳಿಂದ ಎಲ್ಲರಿಗೂ ಇದನ್ನೇ ಮಾಡ್ಸೋಣ."

"ಸಾರ್, ಒಂದು ಕಾಲು ಹಾಳಾಗ್ತಿದೆ. ಸರಾಸರಿ ಕಾಲಲ್ಲಿ ಯಾರೂ ನಡೆಯಲ್ಲ."

"ಅದು ಆಮೇಲೆ ಸರಿ ಹೋಗುತ್ತೆ ಬಿಡಿ. ನಂಬರ್ ಚೆನ್ನಾಗಿದ್ಯಲ್ಲ."

ಎರಡು ದಿನ ತಡೆಯಿರಿ ಎಂದು ಬೇಡಿಕೊಂಡು ಬಂದೆ. ಬಸ್ಸಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ದಿನ ನಾನು ನೋಡಿದ್ದು ವಾರದ ಎರಡು ದಿನವನ್ನು ಮಾತ್ರ. ಉಳಿದ ನಾಲ್ಕು ದಿನವನ್ನು ರಿಜಿಸ್ಟರಿನಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ.

ಮರುದಿನ ಬುಧವಾರ. ಯಾರಿಗೂ ಹೇಳದೆ ಹೋಗಿ ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ನಿಂತೆ. ಹದಿನಾಲ್ಕು ಜೊತೆ ಚಪ್ಪಲಿ ಕಟ್ಟೆಯಿಂದ ದೂರಕ್ಕೆ ಸಾಲಾಗಿ ಬಿಟ್ಟಿದ್ದವು. ಬರಿಗಾಲಲ್ಲಿ, ಮಂಡಿ ಹದವಾಗಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಮರ ಸುತ್ತುತ್ತಿದ್ದರು. ಮರ ಅವರ ಬಲಕ್ಕಿತ್ತು. ಹೊರಗಾಲು ಎಡಗಾಲು. ಇಪ್ಪತ್ತು ಸುತ್ತಾಯಿತು. ಮುಂದಿದ್ದಾಕೆ "ಚೇಂಜ್" ಎಂದು ಕೂಗಿದರು. ಹದಿನಾಲ್ಕು ಜನವೂ ಅಂಗೈ ಬದಲಿಸಿದರು, ತಿರುಗಿದರು, ಇನ್ನೂ ತಿರುಗಿದರು, ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಮೊದಲಿನ ದಿಕ್ಕಿಗೇ ಮುಖ ಮಾಡಿ ಹೊರಟರು. ಕೆಲವರು ಹಾಗೆ ತಿರುಗುವಾಗ ಕೈಯನ್ನೂ ಮುಗಿದರು. ನಾನು ಕಲಿಸಿದ ಅಂಗೈ ಬದಲಾವಣೆ ಆತ್ಮಪ್ರದಕ್ಷಿಣೆ ಆಗಿಹೋಗಿತ್ತು.

ಬಲಕ್ಕೆ ನಲವತ್ತು, ಎಡಕ್ಕೆ ಸೊನ್ನೆ. ವಾರಕ್ಕೆ ನಾಲ್ಕು ದಿನ, ಐದು ವಾರ.

"ನಿಲ್ಸ್ರೀ!" ಎಂದು ಕಿರುಚಿಕೊಂಡು ಓಡಿಹೋದೆ. "ಎಡಕ್ಕೆ ಯಾಕ್ರೀ ಸುತ್ತಲ್ಲ?"

ಹದಿನಾಲ್ಕು ಜನ ನನ್ನನ್ನು ನೋಡಿದ ನೋಟದಲ್ಲಿ ಭಯವಿರಲಿಲ್ಲ, ಆಶ್ಚರ್ಯ ಇತ್ತು. ಅಕ್ಕನೇ ಬಾಯಿಬಿಟ್ಟರು. "ಅರಳಿಕಟ್ಟೆಗೆ ಯಾರಾನ ಉಲ್ಟಾ ಸುತ್ತಾರಾ ಮಿಸ್? ಹಂಗೆ ಸುತ್ತೋದು ಸಾವಾದಾಗ ಮಾತ್ರ."

"ಮತ್ತೆ ನನಗ್ಯಾಕ್ರೀ ಹೇಳ್ಲಿಲ್ಲ?"

"ನೀವೂ ಇಲ್ಲಿಯೋರೇ ಅಲ್ವಾ? ನಿಮ್ಗೆ ಗೊತ್ತಿರುತ್ತೆ ಅನ್ಕಂಡ್ವಿ. ಒಳಗೆ ಸ್ಟೂಲಿಗೆ ಎರಡೂ ಕಡೆ, ಹೊರಗೆ ದೇವ್ರಿಗೆ ಬಲಗಡೆ ಮಾತ್ರ. ಲೆಕ್ಕ ತಪ್ಬಾರ್ದು ಅಂತ ನಲವತ್ತೂ ಹಾಕಿದ್ವಿ."

ನನಗೆ ಮೈಯೆಲ್ಲ ಉರಿಯಿತು. ಅದೊಂದು ಮರ, ನೀವು ಮಾಡುತ್ತಿರುವುದು ವ್ಯಾಯಾಮ, ಪೂಜೆಯಲ್ಲ, ದೇವರಿಗೆ ಇಷ್ಟು ಗೊತ್ತಾಗುವುದಿಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. "ಇಲ್ನೋಡಿ, ನಾನು ಸುತ್ತಿ ತೋರಿಸ್ತೀನಿ" ಎಂದು ಚಪ್ಪಲಿ ಬಿಟ್ಟು, ಮರವನ್ನು ಎಡಕ್ಕೆ ಮಾಡಿಕೊಂಡು ನಿಂತೆ. ಮಂಡಿ ಬಗ್ಗಿಸಿದೆ. ಕೈ ಎತ್ತಿದೆ.

ಕಾಲು ಏಳಲಿಲ್ಲ.

ನಿಜವಾಗಿಯೂ ಏಳಲಿಲ್ಲ. ದೇವನಹಳ್ಳಿಯಲ್ಲಿ ನಮ್ಮಮ್ಮ ಶನಿವಾರ ಶನಿವಾರ ನನ್ನ ರಟ್ಟೆ ಹಿಡಿದು ಅರಳಿಕಟ್ಟೆ ಸುತ್ತಿಸಿದ್ದು, ಒಮ್ಮೆ ಆಟಕ್ಕೆಂದು ಉಲ್ಟಾ ಓಡಿದಾಗ ಬೆನ್ನಿಗೆ ಬಿದ್ದ ಗುದ್ದು, ಎಲ್ಲ ಒಟ್ಟಿಗೆ ಬಂದು ಕಾಲಿಗೆ ಕಟ್ಟಿಕೊಂಡವು. ಹದಿನಾಲ್ಕು ಜೊತೆ ಕಣ್ಣು ನನ್ನ ಪಾದವನ್ನೇ ನೋಡುತ್ತಿದ್ದವು. ಸುಮ್ಮನೆ ಕೈ ಇಳಿಸಿ, ಚಪ್ಪಲಿ ಹಾಕಿಕೊಂಡೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ಲೋಡಿಂಗ್ ಹುಡುಗರಿಗೆ ಎರಡು ಮಗ್ಗುಲು ಸಮ ಎಂದು ಭಾಷಣ ಬಿಗಿದವಳು, ಒಂದೇ ಕಡೆ ಮಾತ್ರ ಸುತ್ತಲು ಬರುವ ಜಾಗವನ್ನು ಈ ಹೆಂಗಸರಿಗೆ ನಾನಾಗಿ ಆರಿಸಿಕೊಟ್ಟಿದ್ದೆ. ಬೈಯಬೇಕಾದ ತಲೆ ನನ್ನದೇ ಆಗಿತ್ತು. ಅಕ್ಕನ ಕೈ ಹಿಡಿದು, ತಪ್ಪು ನಂದು ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. "ನೀವೇನ್ ಮಾಡಿದ್ರಿ ಮಿಸ್?" ಎಂದರು.

ಅಲ್ಲಿಗೆ ಮುಗಿಯಲಿಲ್ಲ. "ಇವತ್ತಿಂದ ಈ ಮರ ಬೇಡ" ಎಂದಾಗ ಅಕ್ಕನ ಮುಖ ಬಿಳಚಿತು. "ನಾನು ಬಿಡಂಗಿಲ್ಲ ಮಿಸ್. ಮಂಡಿ ವಾಸಿಯಾಗ್ಲಿ ಅಂತ ನಲವತ್ತೆಂಟು ದಿನ ಹರಕೆ ಹೊತ್ಕಂಡಿವ್ನಿ. ಭಾನುವಾರ ಊರಲ್ಲಿ ಕಟ್ಟೆ ಸುತ್ತೀನಿ. ಇನ್ನೂ ಹತ್ತೊಂಬತ್ತು ದಿನ ಐತೆ."

ಮಂಡಿ ವಾಸಿಯಾಗಲೆಂದು ಮಂಡಿ ಹಾಳುಮಾಡಿಕೊಳ್ಳುತ್ತಿದ್ದಾರೆ! ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಒಮ್ಮೆ ಬೈದು ಕೆಟ್ಟಿದ್ದೆ, ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿದೆ.

"ಹರಕೆ ಹೊತ್ಕೊಳ್ಳುವಾಗ ಎಷ್ಟು ಸುತ್ತು ಅಂತ ಹೇಳಿದ್ರಿ?"

"ಎಷ್ಟು ಅಂತ ಹೇಳಿಲ್ಲ. ದಿನಾ ಬಂದು ಸುತ್ತೀನಿ ಅಂದಿದ್ದೆ."

"ಮಂಡಿ ಬಗ್ಗಿಸಿ ಸುತ್ತೀನಿ ಅಂದಿದ್ರಾ?"

"ಇಲ್ಲ."

"ಹಾಗಾದ್ರೆ ನಿಮ್ಮಮ್ಮ ಹೆಂಗೆ ಸುತ್ತುತಿದ್ರೋ ಹಂಗೆ, ನೆಟ್ಟಗೆ ನಡ್ಕೊಂಡು ಒಂಬತ್ತು ಸುತ್ತು ಹಾಕಿ. ಅದು ದೇವ್ರಿಗೆ. ಬಾಗುವಾ ಬೇರೆ ಕಡೆ ಮಾಡೋಣ, ಅದು ನನಗೆ."

ಅಕ್ಕ ಒಪ್ಪಿದರು. ಸೈಕಲ್ ಸ್ಟ್ಯಾಂಡಿನ ಹಿಂದೆ ಖಾಲಿ ಜಾಗವಿತ್ತು. ಸ್ಟೋರಿನವರನ್ನು ಕಾಡಿ, ಆಯಿಲ್ ಬರುವ ಒಂದು ಖಾಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇಸಿದುಕೊಂಡು ನಡುವೆ ಇಟ್ಟೆ. ಡ್ರಮ್ಮಿಗೆ ಎಡ ಬಲ ಇಲ್ಲವಲ್ಲ.

ಆಮೇಲೆ ಮ್ಯಾನೇಜರ ಹತ್ತಿರ ಹೋದೆ. ಟೇಬಲ್ಲು ಚೆನ್ನಾಗಿ ಬಂದರೆ ಅವರ ಬೇರೆ ಕಾರ್ಖಾನೆಗಳಿಗೂ ನನ್ನನ್ನೇ ಕರೆಯುತ್ತೇನೆ ಎಂದಿದ್ದರು, ನನಗೂ ಆಸೆಯಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಟೇಬಲ್ಲು ಚೆನ್ನಾಗಿಯೇ ಇತ್ತು.

"ಸಾರ್, ಈ ಹೋಲಿಕೆ ಬಿದ್ದುಹೋಯ್ತು. ನಾವು ಮೂರು ಕಲೆ ಹೋಲಿಸ್ಲಿಲ್ಲ. ಒಂದು ಗುಂಪು ನಾಚಿಕೊಂಡು ನಿಂತಿದ್ದನ್ನ, ಒಂದು ಗುಂಪು ತೊಡೆ ತಟ್ಟಿದ್ದನ್ನ, ಒಂದು ಗುಂಪು ಪ್ರದಕ್ಷಿಣೆ ಹಾಕಿದ್ದನ್ನ ಹೋಲಿಸಿದ್ದೀವಿ."

"ಅದನ್ನೆಲ್ಲ ಕೆಳಗೆ ಸಣ್ಣಕ್ಷರದಲ್ಲಿ ಹಾಕೋಣ ಮಿಸ್."

"ಹಾಕಂಗಿಲ್ಲ. ನನ್ನ ಹೆಸರಲ್ಲಿ ಕಳ್ಸೋದಾದ್ರೆ, ಇದು ನಂಬೋಕಾಗಲ್ಲ ಅಂತ ದೊಡ್ಡಕ್ಷರದಲ್ಲಿ ಬರೀತೀನಿ. ಉಳಿದ ನಾಲ್ಕು ವಾರ ನನ್ನನ್ನ ಆ ಹದಿನಾಲ್ಕು ಜನರ ಮಂಡಿಗೆ ಬಿಟ್ಬಿಡಿ."

ಅವರು ಲ್ಯಾಪ್‌ಟಾಪ್ ಮುಚ್ಚಿದ ಸದ್ದು ನನಗೆ ಉತ್ತರವಾಗಿತ್ತು. ಆದರೂ ಬೇಡ ಎನ್ನಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು.

ಆ ನಾಲ್ಕು ವಾರ ನಾನು ಆರು ದಿನವೂ ಹೋದೆ. ಊದಿದ ಮಂಡಿಯನ್ನು ಮತ್ತೆ ಸುತ್ತಿಸುವ ಹಾಗಿರಲಿಲ್ಲ. ಮೊದಲ ಹತ್ತು ದಿನ ಅಕ್ಕನಿಗೆ ಸುತ್ತೇ ಇಲ್ಲ, ತೈಚಿಯ ಭಾರ ಬದಲಾವಣೆ ಮಾತ್ರ: ಎರಡೂ ಪಾದ ನೆಲದಲ್ಲಿ, ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ, ಒಂದೊಂದಕ್ಕೂ ನಾಲ್ಕು ಉಸಿರು. ಊತ ಇಳಿದ ಮೇಲೆ ಶಿಂಗ್‌ಯಿಯ ನಿಲುವು, ಆದರೆ ಎತ್ತರಕ್ಕೆ, ಎಡಗಾಲು ಹಿಂದೆ, ಮೊದಲು ಹತ್ತು ಎಣಿಸುವಷ್ಟು, ಆಮೇಲೆ ಇಪ್ಪತ್ತು, ಆಮೇಲೆ ಒಂದು ನಿಮಿಷ. ಮೂರನೇ ವಾರ ಡ್ರಮ್ಮು. ಮೊದಲು ಎಡಕ್ಕೆ ಮಾತ್ರ ಸುತ್ತಿಸಿದೆ, ಹಾಗೆ ಸುತ್ತಿದರೆ ಎಡಗಾಲು ಒಳಬದಿಗೆ ಬಂದು ತಿರುಚದೆ ನೇರ ಬೀಳುತ್ತದೆ. ಮೂರರಲ್ಲಿ ಯಾವುದು ಬೆಸ್ಟ್ ಎಂದು ಕೇಳಿದವರಿಗೆ ನಾನು ಇಷ್ಟು ಹೇಳಬಲ್ಲೆ: ಒಂದು ಮಂಡಿಗೇ ಮೂರೂ ಬೇಕಾಯಿತು. ಇದನ್ನು ಟೇಬಲ್ಲಿನ ಯಾವ ಮನೆಯಲ್ಲಿ ಬರೆಯುವುದೋ ನನಗೆ ಗೊತ್ತಿಲ್ಲ.

ಅಕ್ಕ ಬೆಳಿಗ್ಗೆ ಬಂದು ಮೊದಲು ಕಟ್ಟೆಗೆ ಒಂಬತ್ತು ಸುತ್ತು ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು, ಆಮೇಲೆ ನನ್ನ ಹತ್ತಿರ ಬರುತ್ತಿದ್ದರು. ಹರಕೆ ಮುಗಿದ ದಿನ ನನಗೂ ಬಾಳೆಹಣ್ಣು ಕೊಟ್ಟರು.

ಪರೀಕ್ಷೆಯ ದಿನ ನರ್ಸು, ಮ್ಯಾನೇಜರು, ನಾನು. ಬಲಗಾಲು ಇಪ್ಪತ್ತು, ಸಲೀಸು. ಬಲಗಾಲು ಎತ್ತಿ ಎಡಗಾಲ ಮೇಲೆ ನಿಂತಾಗ ನಾನೂ ಮನಸ್ಸಿನಲ್ಲೇ ಎಣಿಸತೊಡಗಿದೆ. ಹತ್ತರವರೆಗೆ ಕಲ್ಲಿನ ಹಾಗೆ ನಿಂತರು. ಹದಿಮೂರಕ್ಕೆ ಸೊಂಟ ಓಲಾಡಿತು. ಅಭ್ಯಾಸಬಲ, ಕೈ ಗೋಡೆ ಹುಡುಕಿತು. ಹುಡುಕಿದ ಕೈ ಅರ್ಧದಲ್ಲೇ ನಿಂತಿತು. ಅಕ್ಕ ಬಾಲದೆಲುಬನ್ನು ಒಂದಿಷ್ಟು ಕೆಳಕ್ಕೆ ಬಿಟ್ಟು, ಸೊಂಟ ಸಡಿಲಿಸಿ, ಉಸಿರು ಇಳಿಸಿದರು. ಓಲಾಟ ನಿಂತಿತು. "ಇಪ್ಪತ್ತು" ಎಂದು ನರ್ಸು ಹೇಳಿದರೂ ಅಕ್ಕ ಕಾಲಿಳಿಸಲಿಲ್ಲ. ಕೇಳಿಸಿರಲಿಲ್ಲವಂತೆ. ಇಪ್ಪತ್ತೇಳಕ್ಕೆ ನಾನೇ "ಸಾಕ್ರೀ ಅಕ್ಕ!" ಎಂದು ಕೂಗಬೇಕಾಯಿತು. ಆಮೇಲೆ ಐದು ಸಲ ಮೆಟ್ಟಿಲು, ಕಂಬಿ ಮುಟ್ಟದೆ. ನಾನು ಕೆಳಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದೆ, ಬೀಳುವ ಮಗುವನ್ನು ಹಿಡಿಯುವವರ ಹಾಗೆ. ಐದನೇ ಸಲ ಇಳಿದು ಬಂದವರು ಚಾಚಿದ ನನ್ನ ಕೈಯನ್ನು ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಎರಡು ತಿಂಗಳ ಸಿಟ್ಟೆಲ್ಲ ಹಾಗೆ ಹೊರಬಂತು.

ಅಕ್ಕನ ಕೆಲಸ ಉಳಿಯಿತು. ಹೆಡ್ ಆಫೀಸಿಗೆ ನನ್ನ ದೊಡ್ಡಕ್ಷರ ಹಿಡಿಸಲಿಲ್ಲ, ಬೇರೆ ಕಾರ್ಖಾನೆಗಳಿಂದ ಕರೆಯೂ ಬರಲಿಲ್ಲ. ಹೆಂಗಸರು ಮಾತ್ರ ಮ್ಯಾನೇಜರ ಹತ್ತಿರ ಹೋಗಿ, ಮಂಗಳವಾರ ಒಂದು ದಿನವಾದರೂ ಮಿಸ್ ಬರಲಿ ಎಂದು ಹಟ ಹಿಡಿದು ಒಪ್ಪಿಸಿದರು.

ಆಯುಧಪೂಜೆ ಕಳೆದ ಮೊದಲ ಮಂಗಳವಾರ ಹೋದೆ. ಕಾರ್ಖಾನೆಯ ತುಂಬ ಇನ್ನೂ ಬಾಳೆಕಂದು, ಒಡೆದ ಬೂದುಗುಂಬಳದ ಕೆಂಪು, ಪ್ರತಿ ಮೆಷಿನ್ನಿನ ಮೇಲೂ ಚೆಂಡುಹೂವು. ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಬಂದೆ. ಹದಿನಾಲ್ಕು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದವು. ನಡುವೆ ನನ್ನ ನೀಲಿ ಡ್ರಮ್ಮು: ಮೂರು ಗೆರೆ ವಿಭೂತಿ, ನಡುವೆ ಅಂಗೈಯಗಲ ಕುಂಕುಮ, ಕೊರಳಿಗೆ ಹೂವಿನ ಹಾರ, ಬುಡದಲ್ಲಿ ಹೋಳು ಮಾಡಿದ ನಿಂಬೆಹಣ್ಣು. ಹದಿನಾಲ್ಕು ಜನ ಡ್ರಮ್ಮನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತಿದ್ದರು. ಎಲ್ಲರಿಗಿಂತ ಮುಂದೆ ಅಕ್ಕ, ಎಡಮಂಡಿಯಲ್ಲಿ ಒಂದಿಷ್ಟೂ ಅಳುಕಿಲ್ಲದೆ. "ಚೇಂಜ್" ಎಂದರು. ಎಲ್ಲರೂ ಪೂರ್ತಿ ಒಂದು ಸುತ್ತು ತಿರುಗಿ, ಮತ್ತೆ ಬಲಕ್ಕೇ ಹೊರಟರು.

"ಅಯ್ಯೋ ನನ್ನ ಕರ್ಮವೇ! ಡ್ರಮ್ಮಿಗೆ ಯಾಕ್ರೀ ಕುಂಕುಮ ಇಟ್ರಿ?"

"ಮೆಷಿನ್ನಿಗೆಲ್ಲ ಇಟ್ವಿ ಮಿಸ್" ಎಂದರು ಅಕ್ಕ. "ನನ್ನ ಕಾಲು ಉಳ್ಸಿದ್ದು ಇದು. ಇದಕ್ಕಿಡ್ದೆ ಹೆಂಗ್ ಬಿಡೋದು?"

ಬೈಯಲು ಬಾಯಿ ತೆರೆದೆ. ಆಗ ನೋಡಿಕೊಂಡರೆ, ನಾನೂ ಆ ಸಾಲಿನ ಕೊನೆಯಲ್ಲಿ ನನ್ನ ಚಪ್ಪಲಿ ಬಿಟ್ಟು ಬಂದಿದ್ದೆ. ಬಾಯಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಸ್ಟೋರಿಗೆ ನಡೆದೆ. ಇನ್ನೊಂದು ಡ್ರಮ್ ಬೇಕು ಎಂದೆ.

"ಮೊನ್ನೆ ತಾನೆ ಕೊಟ್ನಲ್ಲ ಮಿಸ್, ಅದೇನಾಯ್ತು?" ಎಂದರು ಸ್ಟೋರಿನವರು.

"ಅದು ದೇವ್ರಾಗೋಯ್ತು ಕಣಪ್ಪಾ" ಎಂದೆ. "ಬೇರೆ ಕೊಡು."